ದೇವರ ಗೂಡಿನಲ್ಲಿದ್ದ ಎರಡನೇ ಭಾಗ

ನನ್ನ ಕೈಯಲ್ಲಿ ಡಿಗ್ರಿ ಆಗುವುದಿಲ್ಲ ಎಂದವರು ನನ್ನ ಸೋದರಮಾವ. ಬೆನ್ನ ಹಿಂದೆ ಅಲ್ಲ, ಎದುರಿಗೇ ಊಟಕ್ಕೆ ಕೂತು, ಅನ್ನ ಕಲಸುತ್ತಾ. "ನಮ್ಮ ಪೈಕಿ ಪಿಯುಸಿ ದಾಟಿದವರು ಯಾರಿದ್ದಾರೆ ಮಾರಾಯ್ತಿ? ನೀನು ದಾಟ್ತೀಯ?" ಕೊಪ್ಪದಲ್ಲಿ ಅವರ ಮನೆಯಲ್ಲಿದ್ದುಕೊಂಡು ಬಿ.ಕಾಂ. ಓದುತ್ತಿದ್ದೆ. ಅನ್ನ ಅವರದ್ದು, ಹಾಗಾಗಿ ಮಾತೂ ಅವರದ್ದೇ.

ಅಮ್ಮ ಶೃಂಗೇರಿಯ ಒಂದು ಲಾಡ್ಜಿನಲ್ಲಿ ಕೋಣೆ ಗುಡಿಸುತ್ತಿದ್ದಳು. ಯಾತ್ರಿಗಳು ಬಿಟ್ಟುಹೋದ ಸಾಮಾನನ್ನು ಕೇಳಿಕೊಂಡು ಯಾರೂ ಬಾರದಿದ್ದರೆ ಅದು ಕೋಣೆ ಗುಡಿಸಿದವರಿಗೆ, ಅಲ್ಲಿಯ ರೂಢಿ ಹಾಗೆ. ಹೀಗೆ ಸಿಕ್ಕಿದ್ದು ಒಂದು ದಪ್ಪ ಇಂಗ್ಲಿಷ್ ಕಾದಂಬರಿ. ರಾಜನಿಗೆ ತನ್ನ ನೆರಳನ್ನು ಅಡವಿಟ್ಟು ದೋಣಿ ಪಡೆದ ಹೆಂಗಸಿನ ಕಥೆ. ಮಾಟ, ಕೊಲೆ, ಹಾಸಿಗೆಯ ಮಾತು ಎಲ್ಲ ಇದ್ದ, ದೊಡ್ಡವರಿಗೆಂದೇ ಬರೆದ ಪುಸ್ತಕ. ಮೊಬೈಲಿನಲ್ಲಿ ಅರ್ಥ ಹುಡುಕುತ್ತಾ ಓದಿದೆ. ರಜೆಯಲ್ಲಿ ಅಮ್ಮನ ಜೊತೆ ಬೆಡ್‌ಶೀಟ್ ಮಡಚುತ್ತಾ ಕಥೆ ಹೇಳಿದೆ. ಕೆಲವು ಕಡೆ ಹಾರಿಸಿದರೆ ಅಮ್ಮ ಬೆಡ್‌ಶೀಟಿನ ಆ ತುದಿಯಿಂದ, "ಇಲ್ಲೆಂತದೋ ಬಿಟ್ಟೆ ನೀನು" ಎನ್ನುತ್ತಿದ್ದಳು. ನೆರೆಯಲ್ಲಿ ದೋಣಿ ಮಗುಚುವಲ್ಲಿಗೆ ಪುಸ್ತಕ ಮುಗಿದಿತ್ತು.

"ಸತ್ತಳಾ?"

"ಗೊತ್ತಿಲ್ಲಮ್ಮ. ಎರಡನೇ ಭಾಗ ಬರ್ಬೇಕು."

ಬಂತು. ಮಕ್ಕಳಿಗೆ ಪಾಠ ಹೇಳಿ ಉಳಿಸಿದ್ದರಲ್ಲಿ ತರಿಸಿದೆ. ಅಂಥ ಸುಖ ನಾನು ಕಂಡಿರಲಿಲ್ಲ. ಮೊದಲ ಭಾಗದಲ್ಲಿ ಒಂದೊಂದು ಊರಿನ ಹೆಸರಿಗೂ ತಡವರಿಸಿದ್ದವಳಿಗೆ ಈಗ ದಿನಾ ಓಡಾಡುವ ಬಸ್ಸು ಹತ್ತಿದ ಹಾಗೆ, ಎಲ್ಲ ತಿರುವೂ ಗೊತ್ತು. ಅರಮನೆಯ ಗೋಡೆಯ ಮೇಲೆ ಅವಳಿಲ್ಲದೆ ಅವಳ ನೆರಳೊಂದೇ ನಡೆಯತೊಡಗುತ್ತದೆ. ಅವಳು ಬದುಕಿದ್ದಾಳೋ ಇಲ್ಲವೋ ಇನ್ನೂ ತಿಳಿದಿರಲಿಲ್ಲ. ಅಷ್ಟರಲ್ಲಿ ನವರಾತ್ರಿ ಬಂತು.

ಸರಸ್ವತಿ ಪೂಜೆಗೆ ಇಟ್ಟ ಪುಸ್ತಕಗಳನ್ನು ವಿಜಯದಶಮಿಯವರೆಗೆ ಓದುವಂತಿಲ್ಲ. ಮಾವ ಕಾದಂಬರಿಯನ್ನೂ ಒಯ್ದು ದೇವರ ಗೂಡಿನಲ್ಲಿಟ್ಟರು. ದಶಮಿಯ ದಿನ ಅಕೌಂಟೆನ್ಸಿ ಪುಸ್ತಕಗಳು ವಾಪಸ್ ಬಂದವು. ಅದು ಬರಲಿಲ್ಲ.

"ಇದು ದೇವರ ಹತ್ರವೇ ಇರ್ಲಿ. ಡಿಗ್ರಿ ತಂದು ಕೈಗಿಡು, ಕೊಡ್ತೇನೆ. ಅಂದ್ರೆ ಇದು ಅಲ್ಲೇ ಇರ್ತದೆ ಅಂತ ತಿಳ್ಕೋ."

"ಸರಸ್ವತಿ ಇರೋದು ಓದೋದಕ್ಕೆ ತಾನೆ ಮಾವ?"

"ದೆವ್ವದ ಕಥೆ ಓದಿದ್ರೆ ಎಂತ ಸಿಗ್ತದೆ? ಮಾರ್ಕ್ಸಾ?"

ಹಾಗೆಂದವರು ಅದೇ ಸಂಜೆ ಟಿ.ವಿ. ಮುಂದೆ ಕೂತು ಹಾವು ಹೆಂಗಸಾಗುವ ಧಾರಾವಾಹಿ ನೋಡಿದರು. ನಡುವೆ ಯಾರೂ ಕೆಮ್ಮುವ ಹಾಗೂ ಇರಲಿಲ್ಲ.

ದೀಪ ಹಚ್ಚುವುದು ನನ್ನ ಕೆಲಸ. ಕುಂಕುಮ ಬಿದ್ದ ಆ ಪುಸ್ತಕ ದಿನಾ ಕಣ್ಣೆದುರಿಗೇ ಇರುತ್ತಿತ್ತು. ಕೈ ಮುಗಿಯುತ್ತಾ ಹಲ್ಲು ಕಚ್ಚುತ್ತಿದ್ದೆ. ನನ್ನಂಥವರು ಓದುವುದು ನೌಕರಿಗೆ ಮಾತ್ರ ಎಂದು ತೀರ್ಮಾನ ಮಾಡಿದವರು ಯಾರು? ಖುಷಿಗೆ ಓದಬೇಕಾದರೆ ಅಪ್ಪ, ಅಜ್ಜ ಎಲ್ಲ ಡಿಗ್ರಿ ಮಾಡಿರಬೇಕೇ? ಕದ್ದು ತೆಗೆಯಬಹುದಿತ್ತು. ನನ್ನದನ್ನು ನಾನೇ ಯಾಕೆ ಕದಿಯಲಿ? ಸಿಟ್ಟಿನಲ್ಲೇ ಕಾಸ್ಟಿಂಗ್ ಕಲಿತೆ, ಸಿಟ್ಟಿನಲ್ಲೇ ಟ್ಯಾಕ್ಸ್ ಬಾಯಿಪಾಠ ಮಾಡಿದೆ. ಮಾವನ ಶಿಸ್ತಿನಿಂದ ಪಾಸಾದಳು ಎಂದು ನೆಂಟರು ಈಗಲೂ ಹೇಳುತ್ತಾರೆ. ಸುಳ್ಳು. ಪುಸ್ತಕ ಕೈಯಲ್ಲಿದ್ದಿದ್ದರೂ ಪಾಸಾಗುತ್ತಿದ್ದೆ, ನಗುತ್ತಾ ಪಾಸಾಗುತ್ತಿದ್ದೆ.

ಸರ್ಟಿಫಿಕೇಟ್ ಸಿಗುವ ದಿನ ಅಮ್ಮ ಶೃಂಗೇರಿಯಿಂದ ಬಂದಿದ್ದಳು. ಕಾಲೇಜಿನಿಂದ ನೇರ ಮನೆಗೆ ಬಂದು ಅದನ್ನು ಮಾವನ ಕೈಗಿಟ್ಟೆ. ಅವರು ಬೆಳಕಿಗೆ ಹಿಡಿದು ನೋಡಿದರು, ನನ್ನ ಹೆಸರಿನ ಮೇಲೆ ಹೆಬ್ಬೆರಳು ಆಡಿಸಿದರು.

"ಆಯ್ತು. ಇನ್ನು ಬ್ಯಾಂಕ್ ಪರೀಕ್ಷೆ ಬರಿ. ಪುಸ್ತಕ ಆಮೇಲೆ."

ಅಮ್ಮ ಎದ್ದು ಕೈಕಾಲು ತೊಳೆದು ಬಂದಳು. ದೇವರಿಗೆ ಕೈ ಮುಗಿದು ಪುಸ್ತಕ ತೆಗೆದು, ಸೆರಗಿನಿಂದ ಕುಂಕುಮ ಒರೆಸಿ, ನನ್ನ ಮಡಿಲಿಗೆ ಹಾಕಿದಳು.

"ಅವಳು ನೀರಿಗೆ ಬಿದ್ದು ಎಷ್ಟು ಕಾಲ ಆಯ್ತು ಅಣ್ಣ? ಮೊದ್ಲು ಅವಳು ದಡ ಹತ್ತಲಿ, ಬ್ಯಾಂಕು ಆಮೇಲೆ. ಓದು ಮಗಳೇ. ಈ ಸಲ ಎಂತದನ್ನೂ ಬಿಡ್ಬೇಡ."