ಹೆಜ್ಜೇನು ಎದ್ದಾಗ ನಾನು ಸ್ಟ್ರೆಚರ್ ಮೇಲಿದ್ದೆ

ಹೋದ ವರ್ಷ ಸಂಕ್ರಾಂತಿ ಮುಗಿದ ಮೇಲಿನ ಮಾತು. ನಾನು ಸೇಡಂನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಮಕ್ಕಳನ್ನು ಚಾರಣ, ಶಿಬಿರ ಅಂತ ಹೊರಗೆ ಕರೆದೊಯ್ಯುವ ಶಿಕ್ಷಕರಿಗೂ ಹಾಸ್ಟೆಲ್ ವಾರ್ಡನ್‌ಗಳಿಗೂ ಚಿಂಚೋಳಿ ಕಾಡಿನಲ್ಲಿ ಎರಡು ದಿನ ಪ್ರಥಮ ಚಿಕಿತ್ಸೆಯ ತರಬೇತಿ ಇತ್ತು. ಆಸ್ಪತ್ರೆ ದೂರವಿದ್ದಾಗ, ಫೋನಿಗೆ ಸಿಗ್ನಲ್ ಇಲ್ಲದಾಗ, ಕೈಗೆ ಸಿಕ್ಕ ಕೋಲು, ಟವೆಲ್ಲುಗಳಿಂದಲೇ ಒಂದು ಜೀವವನ್ನು ಹೇಗೆ ಕಾಯಬೇಕು ಅನ್ನುವುದನ್ನು ಕಾಡಿನಲ್ಲೇ ಮಾಡಿಸಿ ಕಲಿಸುತ್ತಾರೆ ಎಂದರು. ನಾನೋ ರಕ್ತ ಕಂಡರೆ ಕಣ್ಣಿಗೆ ಕತ್ತಲೆ ಬರುವವಳು.

"ಬ್ಯಾರೆ ಯಾರಿಗಾರ ಕಳಸ್ರಿ ಸರ್" ಎಂದು ಹೆಡ್‌ಮಾಸ್ತರರಿಗೆ ಹೇಳಿ ನೋಡಿದೆ.

"ಹುಡುಗೇರಿಗಿ ಕರ್ಕೊಂಡು ಗುಡ್ಡಕ್ಕ ಹೋಗೋರು ನೀವು, ಕಲಿಯೋರು ಬ್ಯಾರೇದವ್ರಾ?" ಎಂದುಬಿಟ್ಟರು.

ಕಲಿಸಲು ಬಂದವರು ಕಾಳಗಿಯ ಶರಣಪ್ಪ ಸರ್. ಸೈನ್ಯದಲ್ಲಿ ನರ್ಸಿಂಗ್ ಕೆಲಸ ಮಾಡಿ ನಿವೃತ್ತರಾದವರು. ಮೊದಲ ದಿನವೆಲ್ಲ ಹಾವು ಕಚ್ಚಿದರೆ ಏನು, ಬಿಸಿಲು ಹೊಡೆದರೆ ಏನು, ಬಂಡೆಯಿಂದ ಜಾರಿ ಬಿದ್ದರೆ ಏನು ಎಂದು ಒಂದೊಂದನ್ನೂ ಮಾಡಿಸಿದರು. ಉಳಿದವರು ಕಲಿಯುತ್ತಿದ್ದರು. ನಾನು ಮಾತ್ರ ನಮ್ಮ ಹುಡುಗಿಯರಲ್ಲಿ ಯಾರಿಗೆ ಯಾವುದು ಆಗಬಹುದು ಎಂದು ಎಣಿಸುತ್ತ ಹೆದರುತ್ತಿದ್ದೆ.

ನನ್ನ ಜೋಡಿಯಾಗಿ ಸಿಕ್ಕವರು ಮಹಾದೇವಕ್ಕ. ಚಿತ್ತಾಪುರದ ಹೆಣ್ಣುಮಕ್ಕಳ ಹಾಸ್ಟೆಲ್ಲಿನ ವಾರ್ಡನ್. ನನಗಿಂತ ಹತ್ತು ವರ್ಷವಾದರೂ ದೊಡ್ಡವರು, ಜೋರು ದನಿ, ಅದಕ್ಕಿಂತ ಜೋರು ನಗು. ನನ್ನ ಮುಖ ನೋಡಿ, "ಯಾಕ ತಂಗಿ, ಖರೇನೇ ಹಾವು ಕಡದೋರಂಗ ಕುಂತೀದಿ?" ಎಂದು ಎಲ್ಲರೆದುರು ನಕ್ಕಿದ್ದರು. ನನಗೆ ಸಿಟ್ಟು ಬಂದಿತ್ತು.

ಮರುದಿನ ಬೆಳಿಗ್ಗೆ ಹಳ್ಳದ ಪಕ್ಕದ ಇಳಿಜಾರಿನಲ್ಲಿ ಅಣಕು ಅಪಘಾತ. ಒಬ್ಬರು ಕಾಲು ಮುರಿದ ರೋಗಿಯಾಗಬೇಕು, ಉಳಿದವರು ಅವರನ್ನು ಹೊತ್ತು ಹಳ್ಳ ದಾಟಿಸಬೇಕು. ರೋಗಿಯಾದರೆ ಸುಮ್ಮನೆ ಮಲಗಿದ್ದರೆ ಸಾಕಲ್ಲ, ಏನೂ ಮಾಡುವುದಿಲ್ಲವಲ್ಲ ಎಂದು ನಾನೇ ಮುಂದೆ ಬಂದೆ. ಎರಡು ಬಿದಿರಿನ ಗಳಕ್ಕೆ ಕಂಬಳಿ ಸುತ್ತಿ ಸ್ಟ್ರೆಚರ್ ಮಾಡಿದ್ದರು. ನನ್ನ ಕಾಲಿಗೆ ಕೋಲು ಇಟ್ಟು ಬಿಗಿದು, ಜಾರಬಾರದೆಂದು ಎದೆ, ಸೊಂಟ, ಮೊಣಕಾಲಿಗೆ ದುಪಟ್ಟಾಗಳಿಂದ ಕಟ್ಟಿದರು. ಕೈಗಳೂ ಒಳಗೇ ಸೇರಿಕೊಂಡವು. ಗಂಟು ಹಾಕಿದವರು ಮಹಾದೇವಕ್ಕ. ಚಳಿಯಾಗಬಾರದೆಂದು ಮೇಲೊಂದು ಚಾದರ ಹೊದಿಸಿ, "ಈಗ ಓಡಿ ಹೋಗಂತೂ ಬರಲ್ಲ ನಿನಗ" ಎಂದು ನಕ್ಕರು.

ನಾಲ್ವರು ಎತ್ತಿಕೊಂಡು ಹೊರಟರು. ಶರಣಪ್ಪ ಸರ್ ದಾರಿ ನೋಡಲು ಹಳ್ಳದ ಆಚೆ ಹೋಗಿದ್ದರು. ಆಕಾಶ ನೋಡುತ್ತ ಮಲಗಿದ್ದ ನನಗೆ, ತಲೆಯ ಮೇಲೆ ಚಾಚಿದ್ದ ಬಂಡೆಯ ಅಡಿಯಲ್ಲಿ ಕಪ್ಪಗೆ ಜೋತಾಡುವ ಗೂಡುಗಳು ಕಂಡವು. ಏನೆಂದು ಅರ್ಥವಾಗುವುದರೊಳಗೆ ಒಂದು ಹದ್ದು ಬಂದು ಒಂದು ಗೂಡಿಗೆ ಬಡಿದು ಹಾರಿತು. ಆ ಕಪ್ಪು ಬಿಚ್ಚಿಕೊಂಡು ಕೆಳಗೆ ಸುರಿಯಿತು. ಹೆಜ್ಜೇನು!

"ಓಡ್ರಿ! ಮಾರಿ ಮುಚ್ಕೊಂಡ್ ಓಡ್ರಿ!" ಆಚೆಯಿಂದ ಸರ್ ಕೂಗಿದರು. ಹೊತ್ತವರ ಕೈ ತಪ್ಪಿ ನಾನು ನೆಲಕ್ಕೆ ಬಿದ್ದೆ. ಕ್ಷಣದಲ್ಲಿ ಸುತ್ತ ಯಾರೂ ಇಲ್ಲ. ಯಾರನ್ನೂ ದೂರುತ್ತಿಲ್ಲ, ಕಾಲು ಕಟ್ಟಿರದಿದ್ದರೆ ನಾನೂ ಓಡುತ್ತಿದ್ದೆ. ಕಿವಿಯ ಮೇಲೆ ಕಾದ ಸೂಜಿ ಚುಚ್ಚಿದಂತಾಯಿತು, ಆಮೇಲೆ ಹಣೆಗೆ. ಕೈ ಎತ್ತಲು ಬರಲಿಲ್ಲ. ಕಣ್ಣು ಬಿಗಿಯಾಗಿ ಮುಚ್ಚಿ ಕಿರುಚಿದೆ.

ಆಗ ಯಾರೋ ಮೈಮೇಲೆ ಬಿದ್ದರು. ಚಾದರ ನನ್ನ ಮುಖದ ಮೇಲೆ ಬಂತು. "ಬಾಯಿ ಮುಚ್ಚು ತಂಗಿ, ಒಳಗ ಹೋಗ್ತಾವ" ಎಂದ ದನಿ ಮಹಾದೇವಕ್ಕನದು. ಚಾದರ ನನ್ನ ಮುಖ, ಎದೆಗೆ ಸಾಕಾಗುವಷ್ಟಿತ್ತು. ಅವರ ಬೆನ್ನು, ಕುತ್ತಿಗೆ ಹೊರಗೇ ಇದ್ದವು. ಹಾಗೇ ಬಗ್ಗಿಕೊಂಡು ಗಂಟು ಬಿಚ್ಚತೊಡಗಿದರು. ಬಿಚ್ಚಲು ಬಾರದಷ್ಟು ಬಿಗಿಯಾಗಿದ್ದವು. ಹಲ್ಲಿನಿಂದ ಕಚ್ಚಿ ಎಳೆದರು. ಒಂದೊಂದು ಸಲ "ಸ್ಸ್" ಎನ್ನುವುದು ಮಾತ್ರ ಕೇಳುತ್ತಿತ್ತು. ಒಂದು ಕೈ ಹೊರಬಂದ ಮೇಲೆ ಉಳಿದವನ್ನು ನಾನೂ ಎಳೆದೆ. ಕೋಲು ಕಟ್ಟಿದ ಕಾಲನ್ನು ಎಳೆಯುತ್ತಲೇ ಇಬ್ಬರೂ ಚಾದರದಡಿ ಒತ್ತಿಕೊಂಡು ಕೆಳಗಿನ ಪೊದೆಗಳೊಳಗೆ ನುಗ್ಗಿದೆವು. ಗುಂಯ್‌ಗುಟ್ಟುವುದು ಹಿಂದೆ ಉಳಿಯುವವರೆಗೆ ನಿಲ್ಲಲಿಲ್ಲ.

ಪಾರಾದೆವು ಅಂದುಕೊಂಡು ಕಾಲಿನ ಕೋಲು ಕಿತ್ತೆಸೆದೆ. ಮಹಾದೇವಕ್ಕ ಒಂದು ಬಂಡೆಗೆ ಒರಗಿ ಕುಸಿದರು. ಕುತ್ತಿಗೆ, ತೋಳು ತುಂಬ ಮುಳ್ಳುಗಳು. ನೋಡುತ್ತಿದ್ದಂತೆಯೇ ತುಟಿ ಊದಿತು, ಕಣ್ಣು ಮುಚ್ಚಿಹೋಯಿತು. "ತಂಗಿ, ನಾಲಿಗಿ ದಪ್ಪ ಆಗ್ಯಾದ. ಉಸುರು ಹಿಡ್ಯಾಕತ್ತದ" ಎಂದರು. ಆ ಜೋರು ದನಿ ಎಲ್ಲಿ ಹೋಯಿತೋ, ಗಂಟಲಿಂದ ಸೀಟಿಯಂಥ ಸದ್ದು ಬರುತ್ತಿತ್ತು.

ಜೇನಿನ ವಿಷ ಕೆಲವರಿಗೆ ಹೀಗೆ ಏರುತ್ತದೆ, ಆಗ ಹೊತ್ತು ಕಳೆಯಬಾರದು ಎಂದು ಹಿಂದಿನ ದಿನವಷ್ಟೇ ಹೇಳಿಕೊಟ್ಟಿದ್ದರು. ತರಬೇತಿಯಲ್ಲಿ ಎಲ್ಲರಿಗೂ ಕೊಟ್ಟಿದ್ದ ಸೀಟಿ ಕೊರಳಲ್ಲಿರುವುದು ನೆನಪಾಯಿತು. ಮೂರು ಸಲ ಊದಿದೆ. ನಿಂತು ಕೇಳಿದೆ. ಉತ್ತರವಿಲ್ಲ. ಮತ್ತೆ ಊದಿದೆ. ನಡುವೆ ಐಡಿ ಕಾರ್ಡಿನ ಅಂಚಿನಿಂದ ಮುಳ್ಳುಗಳನ್ನು ಕೆರೆದು ತೆಗೆದೆ. ಮಲಗಿಸಿ ಕಾಲು ಎತ್ತಿ ಇಡಲು ಹೋದರೆ ಉಸಿರು ಇನ್ನೂ ಕಟ್ಟಿತು. ಹಾಗಾಗಿ ಬಂಡೆಗೇ ಒರಗಿಸಿ ಕಾಲು ಉದ್ದಕ್ಕೆ ಚಾಚಿಸಿದೆ. "ನನ್ನ ಕಡಿ ನೋಡ್ರಿ ಅಕ್ಕ, ಮಕ್ಕೊಬ್ಯಾಡ್ರಿ. ನಿಮ್ಮ ಹಾಸ್ಟೆಲ್ ಹುಡುಗೇರ ಹೆಸರು ಹೇಳ್ರಿ" ಎಂದೆ. ಒಂದೆರಡು ಹೆಸರು ಬಂದವು. ಆಮೇಲೆ ಬರಲಿಲ್ಲ. ತುಟಿ ಮಾತ್ರ ಅಲುಗುತ್ತಿತ್ತು. ನನ್ನ ಕೈಯಲ್ಲೇ ಈ ಜೀವ ಹೋಗುತ್ತದೆ ಎಂದು ಅನ್ನಿಸಿತು. ಮತ್ತೆ ಸೀಟಿ ಊದಿದೆ.

ಕೊನೆಗೆ ಕೆಳಗಿನಿಂದ ಒಂದು ಸೀಟಿ ಕೇಳಿತು. ಶರಣಪ್ಪ ಸರ್, ಹಿಂದೆ ಇಬ್ಬರು, ಟಾರ್ಪಾಲಿನ ತಾಡಪತ್ರಿ ಹೊದ್ದು ಪೊದೆ ಸರಿಸುತ್ತ ಬಂದರು. ಅವರ ಮುಖವೂ ಊದಿತ್ತು. ಸರ್ ಮಹಾದೇವಕ್ಕನ ನಾಡಿ ಹಿಡಿದು, "ಇದಕ್ಕ ಬೇಕಾದ ಇಂಜೆಕ್ಷನ್ ಆಸ್ಪತ್ರ್ಯಾಗೇ ಅದ. ಜಲ್ದಿ ಎತ್ರಿ" ಎಂದರು. ಅದೇ ತಾಡಪತ್ರಿಯಲ್ಲಿ ಒರಗಿಸಿ ಹೊತ್ತೆವು. ಒಂದು ಮೂಲೆ ನನ್ನ ಕೈಯಲ್ಲಿತ್ತು. ರಸ್ತೆಗೆ ಬಂದು ಜೀಪಿನಲ್ಲಿ ಕೂರಿಸಿ ಚಿಂಚೋಳಿ ಮುಟ್ಟುವವರೆಗೂ ಅವರ ಎದೆ ಏರಿಳಿಯುವುದನ್ನು ಬಿಟ್ಟು ಬೇರೇನನ್ನೂ ನಾನು ನೋಡಲಿಲ್ಲ. ತಿರುವುಗಳಲ್ಲಿ ಜೀಪು ನಿಧಾನವಾದಾಗಲೆಲ್ಲ ಡ್ರೈವರನ ಮೇಲೆ ರೇಗಿದೆ.

ಡಾಕ್ಟರು ತೊಡೆಗೆ ಇಂಜೆಕ್ಷನ್ ಚುಚ್ಚಿ, ಆಕ್ಸಿಜನ್ ಹಾಕಿದರು. ಸ್ವಲ್ಪ ಹೊತ್ತಿಗೆ ಆ ಸೀಟಿಯಂಥ ಸದ್ದು ಇಳಿಯಿತು. "ಇನ್ನ ಥೋಡೆ ಲೇಟಾಗಿದ್ರ ಕಷ್ಟ ಇತ್ತು" ಎಂದು ಡಾಕ್ಟರು ಹೇಳಿದರು. ನಾನು ಬಾಗಿಲ ಬಳಿಯೇ ನೆಲದ ಮೇಲೆ ಕುಳಿತು ಅತ್ತುಬಿಟ್ಟೆ.

ಸಂಜೆಗೆ ಅವರಿಗೆ ಮಾತು ಬಂತು. ಮುಖ ಕುಂಬಳಕಾಯಿಯಂತಾಗಿತ್ತು. ನನಗೆ ಕೇಳದೆ ಇರಲಾಗಲಿಲ್ಲ. "ಅಕ್ಕ, ಎಲ್ಲಾರೂ ಓಡಿದ್ರು. ನೀವ್ಯಾಕ ನಿಂತ್ರಿ?"

"ನಾ ಎಲ್ಲಿ ನಿಂತೆ? ನಾನೂ ಓಡಿದ್ದೆ. ಹಳ್ಳದ ತನಕ ಹೋಗಿದ್ದೆ. ನೀ ಒದರಿದ್ದು ಕೇಳಿ ಹೊಳ್ಳಿ ಬಂದೆ."

"ನಾ ನಿಮ್ಮನ್ನ ಕರದಿದ್ದಿಲ್ಲಲ್ರಿ ಅಕ್ಕ. ಯವ್ವಾ ಅಂತ ಒದರಿದ್ದೆ, ಅಷ್ಟೇ."

ಊದಿದ ತುಟಿಯಲ್ಲೇ ನಕ್ಕರು. "ಮತ್ತ? ಹಾಸ್ಟೆಲ್‌ನ್ಯಾಗ ದಿನಾ ಹಂಗೇ ಒದರ್ತಾವಲ್ಲ ಹುಡುಗೇರು. ಯವ್ವಾ ಅಂದ್ರ ಯಾರರೆ ಒಬ್ಬರು ಹೋಗ್ಬೇಕಲ್ಲ ತಂಗಿ."

ಈಗ ನಮ್ಮ ಶಾಲೆಯ ಹುಡುಗಿಯರಿಗೆ ನಾನೇ ಪ್ರಥಮ ಚಿಕಿತ್ಸೆ ಕಲಿಸುತ್ತೇನೆ. ಅವರನ್ನು ಹೊರಗೆ ಕರೆದೊಯ್ದಾಗ ಭಯ ಮೊದಲಿನಷ್ಟೇ ಇರುತ್ತದೆ. ಮರ, ಬಂಡೆ ಕಂಡಲ್ಲೆಲ್ಲ ಮೊದಲು ತಲೆಯೆತ್ತಿ ನೋಡುತ್ತೇನೆ. ಯಾವುದಾದರೂ ಹುಡುಗಿ ಎಡವಿ "ಯವ್ವಾ" ಅಂದರೆ ಸಾಕು, ಏನಾಯಿತೆಂದು ತಿಳಿಯುವ ಮೊದಲೇ ನಾನು ಅವಳ ಕಡೆ ಓಡುತ್ತಿರುತ್ತೇನೆ.