ಏಪ್ರಿಲ್‌ನಲ್ಲಿ ನಾನು ಸುರಿಸಿದ ಮಳೆ

ಹೇಳಿದರೆ ನೀವು ನಂಬುವುದಿಲ್ಲ—ಹಿಂದವಾಡಿಯ ನಮ್ಮ ಮನೆಯಲ್ಲಿ ಕುರ್ಚಿ ಬಿಟ್ಟು ಏಳದೆ, ನಾನು ಖಾನಾಪುರದಲ್ಲಿ ಒಂದು ಏಪ್ರಿಲ್ ಇಡೀ ಮಳೆ ಸುರಿಸಿದ್ದೇನೆ. ಆ ಸುಳ್ಳು ಮಳೆಯನ್ನು ಸ್ವಂತ ಅಕ್ಕನ ವರದಿಯೊಳಗೆ ಬಚ್ಚಿಟ್ಟಿದ್ದೇನೆ.

ನಾನಾಗ ಹತ್ತನೆಯ ತರಗತಿ. ಸುಧಾಕ್ಕ ಎಂ.ಟೆಕ್. ಬೇಸಿಗೆಯಲ್ಲಿ ಮಲಪ್ರಭೆಯಲ್ಲಿ ಎಷ್ಟು ನೀರು ಉಳಿಯುತ್ತದೆ ಎಂಬುದು ಅವಳ ಪ್ರಾಜೆಕ್ಟು. ಲೆಕ್ಕದ ಪ್ರೋಗ್ರಾಮು ಅವಳ ಸರ್ ಎಂದೋ ಹಳೆಯ ಕಂಪ್ಯೂಟರ್ ಭಾಷೆ ಲಿಸ್ಪ್‌ನಲ್ಲಿ ಬರೆದದ್ದು. ಕೊನೆಯ ಸಾಲಿನಲ್ಲಿ ಕಂಸಗಳು ಖಾನಾಪುರ ಬಸ್ಸಿನಲ್ಲಿ ನಿಂತವರ ಹಾಗೆ ಒತ್ತಿಕೊಂಡಿದ್ದವು. ಆ ಪ್ರೋಗ್ರಾಮು ಓಡಿ ಮುಗಿಯುವುದರೊಳಗೆ ಗೋವಾಕ್ಕೆ ಹೋಗಿ ಬರಬಹುದಿತ್ತು—ಇರಲಿ, ಊಟ ಮಾಡಿ ಒಂದು ನಿದ್ದೆ ತೆಗೆಯಬಹುದಿತ್ತು.

ಪ್ರತಿ ಅಂಕಿಯೂ ಯಾವ ಬಗೆಯದು ಎಂದು ಅದು ಹೆಜ್ಜೆಹೆಜ್ಜೆಗೂ ಪರೀಕ್ಷಿಸುತ್ತಿತ್ತು. "ಎಲ್ಲವೂ ದಶಮಾಂಶದ ಅಂಕಿಗಳೇ, ನೋಡಬೇಡ, ನಂಬು" ಎಂದು ನಾನು ಬರೆದುಕೊಟ್ಟೆ. ಪರೀಕ್ಷೆ ನಿಲ್ಲಿಸಿದೆ. ಖಾನಾಪುರದ ಜುಲೈ ತಿಂಗಳ ಮಳೆಯ ಅಂಕಿ ಹಾಕಿ ನೋಡಿದರೆ—ಉತ್ತರ ಸರಿ, ವೇಗವೋ ಬಾಣ!

"ಏ ಶಾಣ್ಯಾ, ಏನ ಮಾಡೀಯೋ? ಚಾ ಆರೂದರೊಳಗ ಮುಗೀತಲ್ಲೋ!"

"ಅದಕ್ಕ ಸಂಶೇ ಭಾಳ ಇತ್ತಕ್ಕಾ. ತಗದ ಒಗದೇನಿ."

ಅವಳು ಕಾಲೇಜಿಗೆ ಹೋದ ಮೇಲೆ ಇಡೀ ವರ್ಷದ್ದು ಓಡಿಸಿದೆ. ಏಪ್ರಿಲ್‌ನಲ್ಲಿ ಪ್ರಳಯ! ಜುಲೈನಲ್ಲಿ ದಿನವೂ ಮಳೆ, ಎಲ್ಲ ಅಂಕಿಗೂ ಬಿಂದು ಇತ್ತು. ಮಳೆಯಿಲ್ಲದ ದಿನಗಳಿಗೆ ಮಾತ್ರ ಮಳೆ ಅಳೆದವರು ಬರೀ ಸೊನ್ನೆ ಬರೆದಿದ್ದರು—ಬಿಂದುವಿಲ್ಲದ ಪೂರ್ಣಾಂಕ. ನನ್ನ ಮಾತು ನಂಬಿದ ಯಂತ್ರ ಅದನ್ನೂ ದಶಮಾಂಶವೆಂದೇ ಓದಿ, ಬಾಯಿಗೆ ಬಂದ ಅಂಕಿ ಕೊಡುತ್ತಿತ್ತು.

ಪರೀಕ್ಷೆ ಮತ್ತೆ ಹಾಕಿದ್ದರೆ ಸಾಕಿತ್ತು. ಆದರೆ ವೇಗ ಹೋಗುತ್ತಿತ್ತು, ಶಾಣ್ಯಾ ಅನ್ನಿಸಿಕೊಂಡದ್ದೂ... ಅದಕ್ಕೇ ಇನ್ನೊಂದು ಸಾಲು ಸೇರಿಸಿದೆ: ಅಂಕಿ ಅತಿಯಾದರೆ ಕತ್ತರಿಸಿ ತುಂತುರು ಮಳೆ ಮಾಡು. ಪ್ರಳಯ ಹೋಯಿತು. ಒಣಗಿರಬೇಕಾದ ಏಪ್ರಿಲ್‌ನಲ್ಲಿ ದಿನವೂ ತುಂತುರು ಬಿದ್ದು ನದಿ ಹರಿಯುತ್ತಲೇ ಇತ್ತು. ಗ್ರಾಫು ನೋಡಿ ಅಕ್ಕ ಹಿಗ್ಗಿದಳು—ಬೇಸಿಗೆಯಲ್ಲೂ ಇಷ್ಟು ನೀರು!

ವರದಿ ಕಳಿಸುವ ದಿನ ಅವಳ ಬಾಜೂ ಕೂತೆ. ಹೇಳಿಬಿಡಬೇಕು ಅನ್ನಿಸಿತು. "ಅಕ್ಕಾ, ಆ ಏಪ್ರಿಲ್ ಐತಲ್ಲ—" ಅಂದೆ. ಅವಳು ತಿರುಗಿ ನೋಡಿದಳು.

ಅಷ್ಟರಲ್ಲಿ ಅಪ್ಪ ಬಂದರು, ಕೈಯಲ್ಲಿ ಸಿಹಿ ಕುಂದಾದ ಡಬ್ಬಿ.

"ಎಲ್ಲಾ ಇಂವಾ ಮಾಡ್ಯಾನಂತಲ್ಲ! ಬಾಯಿ ತಗಿಯೋ!"

ತೆಗೆದೆ. ಬಾಯಿ ತುಂಬಾ ಕುಂದಾ. ಅಕ್ಕ ನಗುತ್ತಲೇ ಕಳಿಸುವ ಗುಂಡಿ ಒತ್ತಿದಳು—ಅವಳ ಹೆಸರು, ನನ್ನ ಮಳೆ.