ಉಂಡವನ ಮುಖ

ಸಿನಿಮಾದಲ್ಲಿ ಯಾರಾದರೂ ಉಣ್ಣತೊಡಗಿದರೆ ನನ್ನ ಬಾಯಿಯೂ ಆಡುತ್ತದೆಯಂತೆ. ಅರವತ್ತಾರು ವರ್ಷ ಈ ಬಾಯಿಯನ್ನು ಹೊತ್ತುಕೊಂಡು ತಿರುಗಿದ ನನಗೇ ಈ ಸಂಗತಿ ಗೊತ್ತಿರಲಿಲ್ಲ. ಪರದೆಯ ಮೇಲಿನವರು ತುತ್ತು ಎತ್ತಿದರೆ ನಾನು ಬಾಯಿ ತೆರೆಯುವುದು, ಅವರು ಅಗಿದರೆ ನಾನು ಅಗಿಯುವುದು, ಅವರು ನುಂಗಿದರೆ ನನ್ನ ಗಂಟಲಮಣಿ ಮೇಲೆ ಹೋಗಿ ಕೆಳಗೆ ಬರುವುದು. ಹೀಗೆ ಖಾಲಿ ಬಾಯಲ್ಲೇ ಎರಡು ತಾಸು ಭರ್ಜರಿ ಊಟ ಮಾಡಿ ನಾನು ಏಳುತ್ತೇನಂತೆ. ಇದನ್ನು ಹೇಳಿದವಳು ನನ್ನ ಹೆಂಡತಿ ಶರಣಮ್ಮ.

"ಹಲ್ಲಿಲ್ಲದ ಎಮ್ಮಿ ಮೆಲಕ ಹಾಕಿದಂಗ ಕಾಣ್ತೀರಿ ನೋಡ್ರಿ," ಎಂದು ಒಂದು ಉಪಮೆಯನ್ನೂ ಪುಕ್ಕಟೆಯಾಗಿ ಒದಗಿಸಿದಳು.

ನನಗೆ ಸಿಟ್ಟು ಬಂತು. ಸಿನಿಮಾ ನೋಡುವುದನ್ನು ಬಿಟ್ಟು ನೀನೇಕೆ ನನ್ನ ಮುಖ ನೋಡುತ್ತಾ ಕೂತಿದ್ದೆ ಎಂದು ಕೇಳಬೇಕಿತ್ತು, ಅದು ಹೊಳೆಯಲಿಲ್ಲ. ಓದುಗರೇ, ನನಗೆ ಹೊಳೆಯಬೇಕಾದದ್ದು ಹೊಳೆಯಬೇಕಾದ ಹೊತ್ತಿಗೆ ಹೊಳೆದಿದ್ದರೆ ನಾನು ಮೆಟ್ರಿಕ್ಕಿಗೇ ಶಾಲೆ ಬಿಟ್ಟು ರೈಲ್ವೆಯ ಪಾರ್ಸಲ್ ಗುಮಾಸ್ತನಾಗುತ್ತಿರಲಿಲ್ಲ, ಈ ತಪ್ಪೊಪ್ಪಿಗೆಯನ್ನೂ ಬರೆಯಬೇಕಾಗುತ್ತಿರಲಿಲ್ಲ.

ಅಡಿಗೆಯ ಸಿನಿಮಾಗಳು ನಮ್ಮ ಮನೆಗೆ ಬಂದದ್ದು ಮಹಡಿಯ ಮೇಲಿನಿಂದ. ಹೈದರಾಬಾದಿನ ಪಶ್ಚಿಮದ ಅಂಚಿನಲ್ಲಿ ಬಂಡೆಗಳನ್ನು ಸಿಡಿಸಿ ಗಾಜಿನ ಕಟ್ಟಡಗಳನ್ನು ನಿಲ್ಲಿಸುತ್ತಿದ್ದ ವರ್ಷಗಳವು. ಅಲ್ಲಿ ಕೆಲಸ ಸಿಕ್ಕ ಬೀದರ ಕಡೆಯ ಹುಡುಗಿ ಸುನೀತಾ ಮಲ್ಕಾಜ್‌ಗಿರಿಯ ನಮ್ಮ ಮನೆಯ ಮೇಲಿನ ಕೋಣೆಗೆ ಬಾಡಿಗೆಗೆ ಬಂದಳು. ನಮ್ಮನ್ನು ಕಾಕಾ, ಕಾಕು ಎಂದು ಕರೆದು ವಾರದೊಳಗೆ ಮನೆಯವಳೇ ಆದಳು. ಬೆಳಿಗ್ಗೆ ಕಂಪನಿಯ ಗಾಡಿ ಹತ್ತಿ ಊರಿನ ಆ ತುದಿಗೆ ಹೋದವಳು ಕತ್ತಲಾದ ಮೇಲೆ ಈ ತುದಿಗೆ ಮರಳುತ್ತಿದ್ದಳಾದ್ದರಿಂದ ಅಡಿಗೆ ಮಾಡಿಕೊಳ್ಳುವ ಪುರುಸೊತ್ತು ಆಕೆಗೆ ಇರಲಿಲ್ಲ. ಆ ಕಾಲದಲ್ಲಿ ಗಲ್ಲಿಗೊಂದರಂತೆ ಕರ್ರಿ ಪಾಯಿಂಟ್ ಎಂಬ ಅಂಗಡಿಗಳು ಹುಟ್ಟಿಕೊಂಡಿದ್ದವು. ಅನ್ನವನ್ನು ಮನೆಯಲ್ಲಿ ಕುಕ್ಕರಿಗಿಟ್ಟು, ಪಲ್ಯ ಸಾರುಗಳನ್ನು ಅಲ್ಲಿಂದ ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಹಾಕಿಸಿ ತರುವುದು ಪದ್ಧತಿ. ಭಾನುವಾರ ಮಧ್ಯಾಹ್ನ ಸುನೀತಾ ಒಂದು ಕೈಯಲ್ಲಿ ಆ ಗಂಟುಗಳನ್ನು, ಇನ್ನೊಂದು ಕೈಯಲ್ಲಿ ಬಾಡಿಗೆಗೆ ತಂದ ಸಿನಿಮಾದ ಸಿ.ಡಿ.ಯನ್ನು ಹಿಡಿದು ನಮ್ಮ ಟಿ.ವಿ.ಯ ಮುಂದೆ ಬಂದು ಕೂರುವಳು. ಸಿನಿಮಾ ಯಾವ ದೇಶದ್ದಾದರೂ ಇರಲಿ, ಅದರಲ್ಲಿ ಒಲೆ ಇರಲೇಬೇಕು. ಯಾರೋ ಎಲ್ಲಿಯೋ ಮೂರು ದಿನ ಕುದಿಸಿದ ಸಾರನ್ನು ಕಣ್ಣಲ್ಲಿ ನೋಡುತ್ತಾ, ಮೂರು ನಿಮಿಷದಲ್ಲಿ ಕಟ್ಟಿಸಿಕೊಂಡು ಬಂದ ಬದನೆಕಾಯಿಯನ್ನು ಬಾಯಲ್ಲಿ ತಿನ್ನುವ ಆ ಸಾಧನೆಗೆ ನಾನು ಬೆರಗಾಗಿದ್ದೇನೆ.

ಆದರೆ ಬೆರಗು ಎಷ್ಟು ದಿನ? ನಾಲ್ಕನೆಯ ಭಾನುವಾರದ ಹೊತ್ತಿಗೆ ನಾನೇ ಕೆಳಗಿನಿಂದ ಕೂಗಿ ಕೇಳತೊಡಗಿದ್ದೆ: "ಏನವ್ವಾ ಸುನೀತಾ, ಇವತ್ತ ಏನ್ ಅಡಿಗಿ?"

ನಿಮ್ಮಲ್ಲೂ ಇಂಥ ಸಿನಿಮಾಗಳ ಮೋಹಿತರು ಇರಬಹುದು. ಇದರ ಗುಟ್ಟೇನೆಂದು ನಾನೂ ಯೋಚಿಸಿದ್ದೇನೆ, ನೀವೂ ಯೋಚಿಸಿರಬೇಕು. ಹೊಡೆದಾಟದ ಸಿನಿಮಾ ನೋಡಿದರೆ ಪೆಟ್ಟು ಬೀಳುವುದಿಲ್ಲವೆಂಬ ಲಾಭವಾದರೂ ಇದೆ. ಅಡಿಗೆಯ ಸಿನಿಮಾದಲ್ಲಿ ನಷ್ಟವೇ ಎಲ್ಲ. ವಾಸನೆ ಬರುವುದಿಲ್ಲ, ರುಚಿ ಸಿಗುವುದಿಲ್ಲ, ಹೊಟ್ಟೆ ತುಂಬುವುದಿಲ್ಲ. ಆದರೂ ಇವು ಹಳತಾಗುವುದಿಲ್ಲ, ಜನ ಬಿಡುವುದಿಲ್ಲ. ಒಮ್ಮೆ ದೇವರ ಮುಂದೆ ಶರಣಮ್ಮ ಎಡೆ ಹಿಡಿಯುತ್ತಿದ್ದಾಗ ನನಗೊಂದು ತರ್ಕ ಹೊಳೆಯಿತು. ದೇವರೂ ಕಣ್ಣಿನಿಂದಲೇ ಉಣ್ಣುತ್ತಾನಲ್ಲ, ಹಾಗಾದರೆ ಅಡಿಗೆಯ ಸಿನಿಮಾ ನೋಡುವವರೆಲ್ಲ ಆ ಎರಡು ತಾಸು ಅಷ್ಟಿಷ್ಟು ದೇವರೇ ಆಗಿರುತ್ತಾರೆ. ಈ ತರ್ಕದಿಂದ ನನಗೆ ಬಹಳ ಸಂತೋಷವಾಯಿತು. ದೇವರಾಗುವ ಅವಕಾಶ ಪಾರ್ಸಲ್ ಗುಮಾಸ್ತರಿಗೆ ದಿನಾ ಬರುವುದಿಲ್ಲ.

ಆ ಸಂತೋಷ ಇಳಿದದ್ದು ಒಂದು ಭಾನುವಾರ. ಅಂದಿನ ಸಿನಿಮಾ ಯಾವ ಭಾಷೆಯದೋ ನಮ್ಮಲ್ಲಿ ಯಾರಿಗೂ ತಿಳಿಯದು. ನದಿಯ ದಡದಲ್ಲಿ ಒಬ್ಬ ಹೆಂಗಸಿನ ಖಾನಾವಳಿ. ದಿನವೂ ದೋಣಿ ನಡೆಸಿ ಬರುವ ಒಬ್ಬ ಮುಂಗೋಪಿ ಮುದುಕ. ಆಕೆ ಅವನಿಗಾಗಿ ಕಾಳಿನ ಸಾರು ಮಾಡುತ್ತಾಳೆ. ಕಥೆ ಎಂಬುದು ಇಷ್ಟೇ. ಆಕೆ ಸೌಟಿನಿಂದ ಒಂದು ಹನಿ ಅಂಗೈಗೆ ಬಿಟ್ಟುಕೊಂಡು ನೆಕ್ಕಿ ನೋಡಿದಳು, ಹುಬ್ಬು ಗಂಟಿಕ್ಕಿದಳು, ಇನ್ನಷ್ಟು ಉಪ್ಪು ಹಾಕಿದಳು.

ನಾನು ಸಂಭ್ರಮದಿಂದ ಶರಣಮ್ಮನ ಕಡೆ ತಿರುಗಿ, "ನೋಡು, ನೋಡು! ಹಂಗ ರುಚಿ ನೋಡಿ ಮಾಡಬೇಕು. ನೀನು ಒಂದಿನಾನೂ ನೋಡಂಗಿಲ್ಲ, ಅದಕ್ಕ ಉಪ್ಪು ಹೆಚ್ಚು ಕಮ್ಮಿ ಆಕ್ಕೈತಿ," ಎಂದೆ.

ಶರಣಮ್ಮ ಟಿ.ವಿ.ಯಿಂದ ಕಣ್ಣು ತೆಗೆಯದೆ ಹೇಳಿದಳು: "ದೇವರಿಗೆ ಎಡಿ ಹಿಡಿಯೂದಕಿಂತ ಮೊದಲ ಬಾಯಿಗೆ ಹಚ್ಚಿದ್ರ ಎಂಜಲಾಗೂದಿಲ್ಲೇನ್ರಿ? ದೇವರಾದ ಮ್ಯಾಲ ನೀವು. ನೀವು ಉಂಡ ಮ್ಯಾಲ ನಾನು. ನನ್ನ ಕೈಗುಣ ನನಗ ತಿಳೀಬೇಕಂದ್ರ ದೇವರ ಮಾರಿ ನೋಡಬೇಕು, ಇಲ್ಲಾ ನಿಮ್ಮ ಮಾರಿ ನೋಡಬೇಕು. ದೇವರು ಕಲ್ಲು. ನೀವು ಪೇಪರು."

ಸುನೀತಾ ನಕ್ಕಳು. ನಾನೂ ನಗಲು ಹೋದೆ, ಆಗಲಿಲ್ಲ.

ಪೇಪರಿನ ವಿಷಯ ಹೇಳಬೇಕು. ಊಟದ ಹೊತ್ತಿಗೆ ಪತ್ರಿಕೆಯನ್ನು ಮುಖದ ಮುಂದೆ ಬಿಚ್ಚಿ ಹಿಡಿಯುವುದು ನನ್ನ ಹಳೆಯ ಅಭ್ಯಾಸ. ಎಡಗೈಯಲ್ಲಿ ಸುದ್ದಿ, ಬಲಗೈಯಲ್ಲಿ ತುತ್ತು. ಉಣ್ಣುವುದನ್ನು ಹೊಗಳುವುದು ಹೊಟ್ಟೆಬಾಕರ ಲಕ್ಷಣ ಎಂದು ನಮ್ಮಪ್ಪ ಕಲಿಸಿದ್ದ. ಆತ ಕಲಿಸಿದ ಮಿಕ್ಕೆಲ್ಲವನ್ನು ಬಿಟ್ಟು ಇದೊಂದನ್ನು ನಾನು ಚಾಚೂ ತಪ್ಪದೆ ಪಾಲಿಸಿದ್ದೆ. ಉಪ್ಪು ಕಡಿಮೆಯಾದರೆ ಪತ್ರಿಕೆಯ ಆಚೆಯಿಂದ ಒಂದು ಬೆರಳು ಬಂದು ತಟ್ಟೆಯ ಅಂಚನ್ನು ಎರಡು ಸಲ ಬಡಿಯುವುದು. ಬಡಿಯಲಿಲ್ಲವೆಂದರೆ ಅಡಿಗೆ ಪಾಸು. ನಲವತ್ತು ವರ್ಷ ಶರಣಮ್ಮ ನನ್ನ ಎದುರಿಗೆ ಕೂತು ನೋಡಿದ್ದು ಊರೂರಿನ ಅಪಘಾತಗಳನ್ನು, ಮಂತ್ರಿಗಳ ಭಾವಚಿತ್ರಗಳನ್ನು, ಚಳಿಗಾಲದ ಸ್ವೆಟರಿನ ಜಾಹೀರಾತುಗಳನ್ನು.

ಅಷ್ಟರಲ್ಲಿ ಪರದೆಯ ಮೇಲೆ ದೋಣಿಯ ಮುದುಕ ಮೊದಲ ಗುಟುಕು ಕುಡಿದ. ಅಡಿಗೆ ಮುಗಿದಿತ್ತು, ಆದರೂ ಸಿನಿಮಾ ಮುಗಿದಿರಲಿಲ್ಲ. ಕ್ಯಾಮೆರಾ ಸಾರನ್ನೂ ಒಲೆಯನ್ನೂ ಬಿಟ್ಟು ಆ ಸುಕ್ಕು ಮೋರೆಯ ಮುಂದೆ ಹೋಗಿ ಕಾದು ನಿಂತಿತ್ತು. ಅಡಿಗೆಮನೆಯ ಬಾಗಿಲಲ್ಲಿ ಆ ಹೆಂಗಸೂ ಕಾದು ನಿಂತಿದ್ದಳು. ಈ ಸಿನಿಮಾಗಳ ಗುಟ್ಟು ನನಗೆ ಆ ಕ್ಷಣದಲ್ಲಿ ತಿಳಿಯಿತು. ಹೆಚ್ಚುವುದು, ಹುರಿಯುವುದು, ಕುದಿಸುವುದು ಎಲ್ಲವೂ ಆ ಒಂದು ಮುಖಕ್ಕಾಗಿ. ರುಚಿ ನಮಗೆ ತಲುಪದಿರುವುದರಿಂದಲೇ ನಾವು ಉಂಡವನ ಮುಖವನ್ನು ನೋಡಲು ಕಾತರಿಸುತ್ತೇವೆ. ಆ ಮುಖ ಅರಳಿದರೆ ನಮ್ಮ ಹೊಟ್ಟೆ ತುಂಬುತ್ತದೆ. ಮುದುಕನ ಮುಖ ಅರಳಿತು. ಸುನೀತಾ ನಿಟ್ಟುಸಿರಿಟ್ಟಳು. ನನ್ನ ಪಕ್ಕದಲ್ಲಿ ಕೂತವಳ ಕಡೆ ತಿರುಗುವ ಧೈರ್ಯ ನನಗಾಗಲಿಲ್ಲ.

ಇದು ಸಾಲದೆಂಬಂತೆ ಸಿನಿಮಾ ಮುಗಿದ ಮೇಲೆ ಸುನೀತಾ, "ಕಾಕು, ಇದನ್ನ ನೋಡಿ ನನಗ ಪುಂಡಿ ಪಲ್ಯ ನೆನಪಾತು. ಬಂದು ಒಂದೂವರಿ ವರ್ಷ ಆತು, ನಿಮ್ಮ ಮನ್ಯಾಗ ಒಮ್ಮಿನೂ ಮಾಡಿಲ್ಲ ನೋಡ್ರಿ. ಮಾಡ್ರಲ್ಲ," ಎಂದಳು.

ಶರಣಮ್ಮ ಕರ್ರಿ ಪಾಯಿಂಟಿನ ಚೀಲಗಳನ್ನು ಮಡಚುತ್ತಾ ತಣ್ಣಗೆ ಹೇಳಿದಳು: "ನಮ್ಮ ಮನ್ಯಾಗ ಅದು ದನಕ್ಕ ಹಾಕೂದವ್ವಾ."

ಹುಡುಗಿಗೆ ಅರ್ಥವಾಗಲಿಲ್ಲ. ನನಗೆ ಆಯಿತು. ಆ ಮಾತು ನನ್ನದು.

ಇಪ್ಪತ್ತು ವರ್ಷಗಳ ಹಿಂದೆ ನಾವು ರೈಲ್ವೆ ಕ್ವಾರ್ಟರಿನಲ್ಲಿದ್ದಾಗ ಕಚೇರಿಯ ನಾಲ್ಕು ಜನರನ್ನು ಊಟಕ್ಕೆ ಕರೆದಿದ್ದೆ. ಶರಣಮ್ಮ ಯಾದಗಿರಿಯ ತನ್ನ ತವರಿನ ರೀತಿಯಲ್ಲಿ ಜೋಳದ ನುಚ್ಚು, ತೊಗರಿಬೇಳೆ ಹಾಕಿ ಪುಂಡಿ ಪಲ್ಯ ಮಾಡಿ, ಮೇಲೆ ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟಿದ್ದಳು. ರೊಟ್ಟಿ ಬಡಿಯುತ್ತಾ ಒಲೆಯ ಮುಂದೆ ಕೂತಿದ್ದಳು. ಪಕ್ಕದ ಮನೆಯ ತೆಲುಗು ಗೃಹಿಣಿಯೊಬ್ಬರು ಒಂದು ಡಬ್ಬಿ ಗೋಂಗೂರ ಚಟ್ನಿ ಕಳಿಸಿದ್ದರು. ಪುಂಡಿಯೂ ಗೋಂಗೂರವೂ ಒಂದೇ ಸೊಪ್ಪೆಂದು ನಿಮಗೆ ಗೊತ್ತು, ನನಗೂ ಗೊತ್ತಿತ್ತು. ಆದರೆ ಜೋಳ, ಪುಂಡಿ ಎಂದರೆ ಹಳ್ಳಿಯವರದು, ಗೋಂಗೂರ ಎಂದರೆ ನಗರದವರದು ಎಂಬ ಒಂದು ಕೀಳರಿಮೆ ಆಗ ನನ್ನ ತಲೆಯಲ್ಲಿತ್ತು. ನಾನು ಹೈದರಾಬಾದಿನವನಾಗಿದ್ದೇನೆಂದು ಆ ನಾಲ್ವರಿಗೆ ತೋರಿಸಬೇಕಿತ್ತು. ಡಬ್ಬಿಯಿಂದ ಒಂದು ಬೆರಳು ನೆಕ್ಕಿ, ಎಲ್ಲರಿಗೂ ಕೇಳುವಂತೆ, "ವಾಹ್! ಇದರ ಮುಂದ ನಮ್ಮ ಮನೀ ಪುಂಡಿ ಪಲ್ಯ ದನಕ್ಕ ಹಾಕೂದು," ಎಂದುಬಿಟ್ಟೆ. ಎಲ್ಲರೂ ನಕ್ಕರು. ಒಳಗೆ ರೊಟ್ಟಿ ಬಡಿಯುವ ಸದ್ದು ಒಂದು ಕ್ಷಣ ನಿಂತು, ಮತ್ತೆ ಮೊದಲಿನಂತೆಯೇ ಶುರುವಾಯಿತು.

ಊಟದ ಹೊತ್ತಿನಲ್ಲಿ ನನ್ನ ಮುಖ ಪತ್ರಿಕೆಯಿಂದ ಹೊರಬಂದು ಆಕೆಯ ಅಡಿಗೆಯ ಬಗ್ಗೆ ಮಾತಾಡಿದ್ದು ಅದೊಂದೇ ಸಲ. ಆಡಿದ್ದು ಆ ಮಾತು. ಅಂದಿನಿಂದ ಆಕೆ ಪುಂಡಿ ಪಲ್ಯ ಮಾಡಿಲ್ಲ. ಮಾಡಿಲ್ಲವೆಂಬುದನ್ನು ನಾನು ಇಪ್ಪತ್ತು ವರ್ಷ ಗಮನಿಸಿರಲೂ ಇಲ್ಲ. ಆಡಿದ ಮಾತಿಗಿಂತ ಈ ಗಮನಿಸದಿರುವಿಕೆಯೇ ದೊಡ್ಡ ಪಾಪ ಎಂದು ಈಗ ಅನಿಸುತ್ತದೆ.

ಮರುದಿನ ಬೆಳಿಗ್ಗೆ, ನಿವೃತ್ತನಾದ ಮೇಲೆ ಮೊದಲ ಸಲ, ಕೈಚೀಲ ಹಿಡಿದು ಸಂತೆಗೆ ಹೋದೆ. ಗೋಂಗೂರ ಬೇಕೆಂದೆ. ಸೊಪ್ಪಿನವಳು, "ಎರ್ರದಾ, ತೆಲ್ಲದಾ?" ಎಂದು ಕೇಳಿದಳು. ಕೆಂಪು ದಂಟಿನದು, ಬಿಳಿ ದಂಟಿನದು ಎಂದು ಅದರಲ್ಲೂ ಎರಡು ಜಾತಿ ಇವೆಯೆಂದು ನನಗೆ ಗೊತ್ತಾದದ್ದು ಆಗ. ಯಾವುದಕ್ಕೂ ಇರಲಿ ಎಂದು ಎರಡನ್ನೂ ಕಟ್ಟಿಸಿಕೊಂಡು ಬಂದೆ, ಚೀಲದಲ್ಲಿ ಹಿಡಿಸದಷ್ಟಾಯಿತು. ಕ್ಷಮೆ ಕೇಳಿ ಅಭ್ಯಾಸವಿಲ್ಲದವರು ಸಾಮಾನ್ಯವಾಗಿ ಸೊಪ್ಪನ್ನು ಹೆಚ್ಚಾಗಿಯೇ ತರುತ್ತಾರೆ ಎಂದು ಕಾಣುತ್ತದೆ.

ಶರಣಮ್ಮನ ಮುಂದೆ ಆ ರಾಶಿಯನ್ನು ಸುರಿದು ನಿಂತೆ. ಆಕೆ ಸೊಪ್ಪನ್ನು ನೋಡಿದಳು, ಬಾಗಿಲ ಹೊರಗೆ ಇಣುಕಿ ನೋಡಿದಳು.

"ಇಷ್ಟೆಲ್ಲಾ ತಂದೀರಿ. ದನಾ ಎಲ್ಲಿ ಕಟ್ಟೀರಿ?"

"ಎಲ್ಲಿ ಹುಡುಕ್ತಿ? ನಿನ್ನ ಮುಂದ ನಿಂತೈತಲ್ಲ," ಎಂದೆ.

ಆಕೆ ನಗಲಿಲ್ಲ. ಆದರೆ ಮಣೆಯ ಮೇಲಿದ್ದ ಅಂದಿನ ಪತ್ರಿಕೆಯನ್ನು ತೆಗೆದು, ನಾನಿನ್ನೂ ಓದಿರದ ಆ ಪತ್ರಿಕೆಯನ್ನು ನೆಲದ ಮೇಲೆ ಹರವಿ, ಅದರ ಮೇಲೆ ಸೊಪ್ಪು ಬಿಡಿಸತೊಡಗಿದಳು. ಮಂತ್ರಿಗಳ ಮುಖಗಳೆಲ್ಲ ಪುಂಡಿಯ ದಂಟಿನ ಅಡಿಯಲ್ಲಿ ಮುಚ್ಚಿಹೋದವು.

ಅಂದು ಸುನೀತಾ ಬೇಕೆಂದೇ ರಜೆ ಹಾಕಿ ಮನೆಯಲ್ಲುಳಿದಳು. ದೇವರಿಗೆ ಎಡೆ ಆಯಿತು. ನಾನು ತಟ್ಟೆಯ ಮುಂದೆ ಕೂತೆ. ಎಡಗೈ ತಾನಾಗಿಯೇ ಪತ್ರಿಕೆಗೆ ತಡಕಾಡಿತು. ಸಿಗದೆ ಮೊಣಕಾಲ ಮೇಲೆ ಅನಾಥವಾಗಿ ಕೂತಿತು. ಎದುರಿಗೆ ಶರಣಮ್ಮ. ಗಲ್ಲಕ್ಕೆ ಕೈಕೊಟ್ಟು ನನ್ನನ್ನೇ ನೋಡುತ್ತಿದ್ದಳು. ಉಪ್ಪಿನ ಡಬ್ಬಿ ಆಕೆಯ ಕೈಗೆ ಎಟಕುವಂತಿತ್ತು.

ಬರಿಯ ಮುಖದಲ್ಲಿ ಉಣ್ಣುವುದು ಎಷ್ಟು ಕಷ್ಟವೆಂದು ನಿಮಗೆ ಹೇಗೆ ಹೇಳಲಿ! ನಲವತ್ತು ವರ್ಷ ಕೆಲಸವಿಲ್ಲದೆ ಕೂತಿದ್ದ ಮುಖಕ್ಕೆ ಒಮ್ಮೆಲೇ ಡ್ಯೂಟಿ ಬಂದರೆ ಅದಾದರೂ ಏನು ಮಾಡೀತು? ಅದಕ್ಕೆ ಗೊತ್ತಿದ್ದದ್ದು ಸಿನಿಮಾ ಒಂದೇ. ರೊಟ್ಟಿಯ ಚೂರಿನಲ್ಲಿ ಪಲ್ಯ ಹಿಡಿದು ಬಾಯಿಗಿಟ್ಟವನು, ನಾಲಿಗೆಗೆ ಮುಟ್ಟುವ ಮೊದಲೇ ಕಣ್ಣು ಮುಚ್ಚಿದೆ, ಹುಬ್ಬು ಎತ್ತಿದೆ, ತಲೆಯನ್ನು ನಿಧಾನವಾಗಿ ಎಡಕ್ಕೂ ಬಲಕ್ಕೂ ತೂಗಿದೆ. ದೋಣಿಯ ಮುದುಕ ನೋಡಿದ್ದರೆ ನಾಚಿಕೊಳ್ಳುತ್ತಿದ್ದ.

"ಭಾಳ ಚಲೋ ಆಗೈತಿ," ಎಂದೆ.

"ಹೌದಾ?" ಎಂದಳು ಶರಣಮ್ಮ. "ಉಪ್ಪೇ ಹಾಕಿಲ್ಲ ನಾನು."

ನಾನು ಕಣ್ಣು ತೆರೆದೆ. ಬಾಯಲ್ಲಿದ್ದದ್ದು ನಿಜಕ್ಕೂ ಸಪ್ಪೆ.

"ಕಾಕು, ದೇವರಿಗೂ ಸಪ್ಪನ್ನ ಎಡೀನ?" ಎಂದು ಸುನೀತಾ ಗಾಬರಿಯಾದಳು.

"ದೇವರ ಎಡ್ಯಾಗ ಹಾಕೀನವ್ವಾ. ದೇವರನ್ನ ಯಾಕ ಪರೀಕ್ಷೆ ಮಾಡ್ಲಿ? ಆತ ಒಂದಿನಾನೂ ನನಗ ಸುಳ್ಳು ಹೇಳಿಲ್ಲ. ಇವರದ್ರಾಗಷ್ಟ ಹಾಕಿಲ್ಲ." ಆಮೇಲೆ ನನ್ನ ಕಡೆ ತಿರುಗಿ, "ನನಗ ಸಿನಿಮಾ ಬ್ಯಾಡ್ರಿ. ಸುನೀತಾ ವಾರ ವಾರ ತರ್ತಾಳ. ಚಲೋ ಇಲ್ಲಂದ್ರ ಚಲೋ ಇಲ್ಲ ಅನ್ರಿ. ಆದರ ಮಾರಿ ಎತ್ತಿ ಅನ್ರಿ," ಎಂದಳು.

ಅಷ್ಟು ಹೇಳಿ ಡಬ್ಬಿಯಿಂದ ಒಂದು ಚಿಟಿಕೆ ಉಪ್ಪು ತೆಗೆದು ನನ್ನ ತಟ್ಟೆಗೆ ಉದುರಿಸಿ, ತನ್ನ ಬೆರಳಿನಿಂದಲೇ ಕಲಸಿದಳು. ಮುಷ್ಟಿಯಿಂದ ಗುದ್ದಿ ಒಡೆದ ಉಳ್ಳಾಗಡ್ಡಿಯ ಹೋಳೊಂದನ್ನು ಪಕ್ಕಕ್ಕಿಟ್ಟಳು. ನಾನು ಎರಡನೆಯ ತುತ್ತು ತೆಗೆದುಕೊಂಡೆ. ಹುಳಿ ಮೊದಲು ಬಂತು, ಹಿಂದೆ ಬೆಳ್ಳುಳ್ಳಿ, ಅದರ ಹಿಂದೆ ಮೆಲ್ಲಗೆ ಜೋಳದ ನುಚ್ಚು. ಎಲ್ಲದರ ಹಿಂದೆ ಆ ರೈಲ್ವೆ ಕ್ವಾರ್ಟರು, ಒಂದು ಕ್ಷಣ ನಿಂತು ಮತ್ತೆ ಶುರುವಾದ ರೊಟ್ಟಿಯ ಸದ್ದು. ಈ ಸಲ ಏನನ್ನೂ ನಟಿಸಲು ನನಗೆ ನೆನಪಾಗಲಿಲ್ಲ. ಸುಮ್ಮನೆ ಅಗಿಯುತ್ತಿದ್ದೆ, ಎಮ್ಮೆಯ ಹಾಗೆಯೇ ಇರಬಹುದು.

ಆಗ ನನ್ನ ಮುಖ ಹೇಗಿತ್ತೆಂದು ನೀವು ಕೇಳಿದರೆ ನಾನು ಹೇಳಲಾರೆ. ಉಣ್ಣುವವನಿಗೆ ತನ್ನ ಮುಖ ಕಾಣುವುದಿಲ್ಲ. ಅದನ್ನು ನೋಡಿದವಳು ಒಬ್ಬಳೇ. ಆಕೆ ಎದ್ದು, ನಾನು ಕೇಳುವ ಮೊದಲೇ ಇನ್ನೊಂದು ರೊಟ್ಟಿ ಬಡಿಯಲು ಒಳಗೆ ಹೋದಳು.